ಹಸನಾಗದ ಕೈ

ಏನು ಕೆಲಸ ಮಾಡುತ್ತೀ ಎಂದು ಯಾರಾದರೂ ಕೇಳಿದರೆ ನೀಲಾಂಬಿಕಾ ಬಿರಾದಾರ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಕೈ ಹಸನು ಮಾಡುತ್ತೇನೆ. ಕೇಳಿದವರು ನಕ್ಕರೆ ತಾನೂ ನಗುತ್ತಿದ್ದಳು. ಜೋಳವನ್ನು ಮೊರಕ್ಕೆ ಹಾಕಿ ಕೇರಿ, ಹೊಟ್ಟು ಹಾರಿಸಿ, ಕಲ್ಲು ಆರಿಸಿ ಹಸನು ಮಾಡುತ್ತಾರಲ್ಲ, ಅವಳು ಹಾಗೆ ಪೈಲಟ್‌ಗಳ ಕೈಗಳನ್ನು ಹಸನು ಮಾಡುತ್ತಿದ್ದಳು.

ಯುದ್ಧ ನಡುನಡುವೆ ನಿಲ್ಲುತ್ತ, ಮತ್ತೆ ಹೊತ್ತಿಕೊಳ್ಳುತ್ತ ಹದಿನೈದು ವರ್ಷ ಎಳೆದಿತ್ತು. ಅದು ಮುಗಿದಾಗ ಗಡಿಯ ಎರಡೂ ಕಡೆ ವಿಮಾನಗಳಿದ್ದವು, ಪಳಗಿದ ಪೈಲಟ್‌ಗಳಿರಲಿಲ್ಲ. ಹೊಸ ಹುಡುಗ ಹುಡುಗಿಯರಿಗೆ ಹಾರಿಸುವುದನ್ನು ಕಲಿಸಬಹುದಿತ್ತು. ಆದರೆ ಅಡ್ಡಗಾಳಿಗೆ ವಿಮಾನ ವಾಲಿದಾಗ, ಒಂದು ಎಂಜಿನ್ ಸತ್ತಾಗ, ತಲೆ ಯೋಚಿಸುವ ಮೊದಲೇ ಕೈ ಮಾಡಬೇಕಾದದ್ದನ್ನು ಮಾಡಿರುತ್ತದಲ್ಲ, ಅದನ್ನು ಕಲಿಸುವುದು ಹೇಗೆ? ಆಗ ಬಂದದ್ದು ಕೈನೆನಪು. ಅನುಭವಿ ಪೈಲಟ್ಟೊಬ್ಬನ ತೋಳುಗಳಿಗೆ ಬಲೆಯಂಥ ಪಟ್ಟಿ ಸುತ್ತಿ, ಅವನ ಸ್ನಾಯುಗಳಲ್ಲಿ ನೆಲೆಸಿದ್ದ ಅಭ್ಯಾಸವನ್ನೆಲ್ಲ ಇಳಿಸಿಕೊಳ್ಳುವುದು. ಹೊಸ ಪೈಲಟ್ ಅದನ್ನು ತುಂಬಿದ ತೋಳುಚೀಲ ತೊಟ್ಟು ಕೂತರೆ, ಆಪತ್ತಿನ ಗಳಿಗೆಯಲ್ಲಿ ಆ ಹಳೆಯ ಕೈ ಎದ್ದು ಈ ಎಳೆಯ ಕೈಯನ್ನು ನಡೆಸುತ್ತದೆ.

ತೊಡಕು ಒಂದೇ. ಸ್ನಾಯುವಿಗೆ ವಿಮಾನದ ಹಿಡಿಕೆ ಬೇರೆ, ಚಹಾದ ಕಪ್ಪು ಬೇರೆ ಎಂಬ ಭೇದವಿಲ್ಲ. ಹಾರಾಟದ ಜೊತೆಗೆ ಆ ಮನುಷ್ಯನ ಇಡೀ ಬದುಕೇ ಇಳಿದುಬರುತ್ತಿತ್ತು. ಮೊದಮೊದಲು ಹಸನು ಮಾಡದೆ ಒಂದು ಕೈಯನ್ನು ಪರೀಕ್ಷೆಗೆ ಕೊಟ್ಟಿದ್ದರು. ನೆಲದ ಮೇಲಿನ ಅಣಕು ವಿಮಾನ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಹುಡುಗಿ ಹಿಡಿಕೆ ಬಿಟ್ಟು ತನ್ನ ಗದ್ದಕ್ಕೆ ಕ್ಷೌರದ ಸಾಬೂನು ಹಚ್ಚುವಂತೆ ಉಜ್ಜತೊಡಗಿದಳಂತೆ. ಅವತ್ತೇ ಗೊತ್ತಾಯಿತು, ಹೊಟ್ಟು ಹಾರಿಸುವವರು ಬೇಕು ಅಂತ. ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರಿಗೆ ಸರ್ಕಾರ ಆ ಕೆಲಸ ಕೊಟ್ಟಿತು.

ವಿಜಯಪುರದ ಹೊರಗೆ, ಹಳೆಯ ಶೆಡ್ಡೊಂದರಲ್ಲಿ ಅವರ ಕೇಂದ್ರವಿತ್ತು. ನೀಲಾಂಬಿಕಾ ಎರಡೂ ಕೈಗೆ ಗವಸು ತೊಟ್ಟು, ತನ್ನ ತೋಳುಗಳನ್ನು ಸಡಿಲ ಬಿಟ್ಟು ಕೂರುತ್ತಿದ್ದಳು. ಗವಸಿನೊಳಗಿನ ಯಾರದೋ ಕೈ ಅವಳ ಕೈಯನ್ನು ಎತ್ತಿಕೊಂಡು ಹೋಗುತ್ತಿತ್ತು. ಹೊಸ ಅಭ್ಯಾಸ ಮೇಲೆ, ಹಳೆಯದು ಕೆಳಗೆ, ಮಡಿಸಿಟ್ಟ ಸೀರೆಗಳ ಹಾಗೆ. ಒಂದೊಂದೇ ಮಡಿಕೆ ಬಿಚ್ಚಬೇಕು. ಹಾರಾಟದ್ದು ಕಂಡರೆ ಎಡಗಾಲಿನ ಕೀಲಿ ಒತ್ತಿ ಉಳಿಸಬೇಕು. ಬೇರೆಯದೆಲ್ಲ ಬಲಗಾಲಿನ ಕೀಲಿ ಒತ್ತಿ ಹೊಟ್ಟಿಗೆ. ಕೈ ಯಾರದೆಂದು ಎಲ್ಲೂ ಬರೆದಿರುತ್ತಿರಲಿಲ್ಲ, ಕೇಳುವಂತೆಯೂ ಇರಲಿಲ್ಲ.

ಆದರೂ ಗೊತ್ತಾಗುತ್ತಿತ್ತು. ಯುದ್ಧ ಮಾಡಿದ ಕೈ ಹಿಡಿಕೆಯನ್ನು ಹಿಂಡುತ್ತದೆ, ನೆಲಕ್ಕಿಳಿದ ಮೇಲೂ ಬಿಡಲು ತಡಮಾಡುತ್ತದೆ. ಶಾಂತಿಯಲ್ಲಿ ಹಾರಿದ ಕೈ ಹಿಡಿಕೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಬಾಂಬು ಬಿಟ್ಟ ಕೈಗಳು ಮನೆಗೆ ಬಂದು ಮತ್ತೆ ಮತ್ತೆ ತೊಳೆದುಕೊಂಡದ್ದು ಅವಳಿಗೆ ಗೊತ್ತು. ಒಂದು ಕೈ ಹಾರುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ವಿಮಾನದ ಮೂತಿಯನ್ನು ಎಮ್ಮೆಯ ಮೂತಿ ಸವರಿದಂತೆ ಸವರುತ್ತಿತ್ತು. ಅದನ್ನು ಹೊಟ್ಟಿಗೆ ಹಾಕುವಾಗ ಅವಳಿಗೆ ತುಸು ಬೇಜಾರಾಗಿತ್ತು.

ಪಕ್ಕದ ಕುರ್ಚಿಯ ಜೈಬುನ್ ಅವಳಿಗಿಂತ ಚಿಕ್ಕವಳು, ಬಾಯಿಗೆ ಬಿಡುವಿಲ್ಲದವಳು. ಗವಸಿನ ಕೈ ಯಾರದಾದರೂ ಹೆಂಡತಿಯ ಕಡೆ ಹೊರಟಿತೆಂದರೆ, "ಅಕ್ಕಾ, ಬಾಗಲಾ ಹಾಕು" ಅನ್ನುತ್ತಿದ್ದಳು. ಅದು ಅವರಿಬ್ಬರ ನಡುವಿನ ರಿವಾಜು. ಬಾಗಿಲು ಹಾಕುವುದೆಂದರೆ ಗವಸಿನಿಂದ ಕೈ ತೆಗೆದು, ಆ ಮಡಿಕೆಯನ್ನು ಮುಟ್ಟದೆ ಹಾಗೇ ಹೊಟ್ಟಿಗೆ ಕಳಿಸುವುದು.

ಶಾಂತಿಯ ಒಪ್ಪಂದದಲ್ಲಿ ಒಂದು ಮಾತಿತ್ತು. ಎರಡೂ ದೇಶಗಳು ತಮ್ಮ ಯುದ್ಧ ಪೈಲಟ್‌ಗಳ ಕೈಗಳನ್ನು ಪ್ರಯಾಣಿಕರ ವಿಮಾನಗಳಿಗಾಗಿ ಒಂದಕ್ಕೊಂದು ಕೊಡಬೇಕು, ಇಷ್ಟು ಜೋಡಿ ಎಂದರೆ ಇಷ್ಟು ಜೋಡಿ. ಬಂದ ಕೈಗಳ ಹೊಟ್ಟನ್ನು ಯಾರೂ ಇಟ್ಟುಕೊಳ್ಳುವ ಹಾಗಿಲ್ಲ, ಅಳಿಸಬೇಕು. ಆ ಬೇಸಿಗೆಯಲ್ಲಿ ಗಡಿಯಾಚೆಯ ಮೊದಲ ಕಂತು ಬಂದಿತ್ತು.

"ಆ ಕಡೀಯವ್ರ ಕೈ ಹೆಂಗಿರ್ತಾವೋ" ಎಂದಳು ಜೈಬುನ್.

"ಐದು ಬೆರಳು ಇರ್ತಾವ, ಹಾಕ್ಕೋ" ಎಂದಳು ನೀಲಾಂಬಿಕಾ.

ಅವಳ ಪಾಲಿಗೆ ಬಂದ ಕೈ ಮೊದಲ ಮಡಿಕೆಯಲ್ಲೇ ಜಡೆ ಹೆಣೆಯತೊಡಗಿತು.

ಮೂರು ಎಳೆ. ಬಲದ್ದು ನಡುವೆ, ಎಡದ್ದು ನಡುವೆ. ಅವಸರವಿಲ್ಲದೆ, ತಪ್ಪದೆ. ಅದರ ಕೆಳಗಿನ ಮಡಿಕೆಯಲ್ಲೂ ಜಡೆ, ಅದರ ಕೆಳಗೂ ಜಡೆ. ನಡುವೆ ಎಲ್ಲೋ ಹೊರಸಿನ ಮಂಚಕ್ಕೆ ಹಗ್ಗ ಬಿಗಿಯುವ ಕೆಲಸ, ಬಕೀಟು ಎತ್ತುವುದು, ಮತ್ತೆ ಜಡೆ. ನೀಲಾಂಬಿಕಾ ನಕ್ಕಳು.

"ಜೈಬುನ್, ಈ ಪುಣ್ಯಾತ್ಮಗ ಹೆಣ್ಣುಮಕ್ಕಳು ಭಾಳ ಕಾಣ್ತಾವ. ದಿನಾ ಹೆರಳು ಹಾಕ್ಯಾನ."

"ನಮ್ಮ ಮನ್ಯಾಗೂ ಅದಾನ ತಮ್ಮ ಒಬ್ಬಾವ" ಎಂದಳು ಜೈಬುನ್. "ತನ್ನ ತಲೀ ತಾ ಹಿಕ್ಕೊಂಡ್ರ ಸಾಕಾಗೇತಿ ನನಗ."

ಶತ್ರು ಅಂದುಕೊಂಡಿದ್ದವನ ಮೇಲೆ ನೀಲಾಂಬಿಕೆಗೆ ಅಕ್ಕರೆ ಹುಟ್ಟಿತು. ಯಾವುದೋ ಅಂಗಳ, ಶಾಲೆಗೆ ಹೊತ್ತಾಯಿತೆಂದು ಕುಣಿಯುವ ಹುಡುಗಿ, ಹಿಂದೆ ಕೂತ ಅಪ್ಪ. ಹೊಟ್ಟಿನ ಕೀಲಿ ಒತ್ತದೆ ಇನ್ನೊಂದು ಜಡೆ ಮುಗಿಯುವವರೆಗೆ ಕಾದಳು. ಆಗಲೇ ಅವಳಿಗೆ ಏನೋ ಇರುಸುಮುರುಸಾಯಿತು. ತನ್ನ ಬಲಗೈ ಕಿರುಬೆರಳು ಹೆಣಿಗೆಗೆ ಸೇರುತ್ತಿರಲಿಲ್ಲ. ಹೊರಗೆ ಸೆಟೆದು ನಿಂತಿತ್ತು, ಎಷ್ಟು ಮಡಿಸಹೋದರೂ ಗವಸು ಮಡಿಸಗೊಡಲಿಲ್ಲ.

ಮುರಿದು, ನೆಟ್ಟಗೆ ಕೂಡದೆ ಹೋದ ಬೆರಳು.

ಲೋಕದಲ್ಲಿ ಎಷ್ಟೋ ಜನರ ಕಿರುಬೆರಳು ಮುರಿದಿರುತ್ತದೆ ಅಂದುಕೊಂಡಳು. ಚಹಾ ಕುಡಿಯಲು ಏಳಬೇಕೆನ್ನಿಸಿತು, ಏಳಲಿಲ್ಲ. ಮೇಲಿನ ಮಡಿಕೆಗಳನ್ನು ಬದಿಗಿಟ್ಟು ತಳದ ಕಡೆಗೆ ಇಳಿದಳು. ಕೈ ಮುಷ್ಟಿ ಕಟ್ಟಿತು, ಎದುರಿಗಿದ್ದ ಯಾವುದನ್ನೋ ಒಂದೇ ಏಟಿಗೆ ಗುದ್ದಿತು. ಉಳ್ಳಾಗಡ್ಡಿ. ಎರಡೂ ಕೈ ಸೇರಿ ಸಿಪ್ಪೆ ಬಿಡಿಸಿದವು. ಒಳಗಿನ ಎಳೆಯ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಎಡಗೈ ಪಕ್ಕಕ್ಕೆ ಚಾಚಿತು, ಪಕ್ಕದಲ್ಲಿ ಕೂತವರ ತಾಟಿಗೆ ಹಾಕುವಂತೆ.

ಆ ತಾಟು ಅವಳದು.

ಒಂದು ವರ್ಷ ಎರಡು ತಿಂಗಳು ಸಂಸಾರ ಮಾಡಿದ್ದ ಗಂಡ ಚನ್ನವೀರನ ಕಿರುಬೆರಳೂ ಹೀಗೇ ಮುರಿದು ಸೆಟೆದಿತ್ತು. ಊಟಕ್ಕೆ ಕೂತಾಗಲೆಲ್ಲ ಅವನು ಉಳ್ಳಾಗಡ್ಡಿಯ ಸುಳಿ ಅವಳ ತಾಟಿಗೆ ಹಾಕುತ್ತಿದ್ದ. ಯುದ್ಧದ ಮೊದಲ ಚಳಿಗಾಲದಲ್ಲಿ ಅವನ ವಿಮಾನ ಗಡಿಯಾಚೆ ಬಿದ್ದಿತ್ತು. ಕಾಣೆಯಾದವರು ಎಂದರು. ಏಳು ವರ್ಷ ಕಳೆದ ಮೇಲೆ ತೀರಿಕೊಂಡವರು ಎಂದರು.

"ಅಕ್ಕಾ, ಯಾಕ?" ಎಂದಳು ಜೈಬುನ್.

ನೀಲಾಂಬಿಕಾ ಇನ್ನೊಂದು ಮಡಿಕೆ ಬಿಚ್ಚಿದಳು. ಕೈ ಮಲಗಿದಲ್ಲಿಂದ ಪಕ್ಕಕ್ಕೆ ಸರಿದು ಯಾರದೋ ಮಣಿಕಟ್ಟು ಹುಡುಕಿತು, ಹಿಡಿಯಿತು. ಹೆಬ್ಬೆರಳು ನಾಡಿಯ ಮೇಲೆ ಬಂದು ಕೂತಿತು.

"ಅಕ್ಕಾ, ಬಾಗಲಾ ಹಾಕು."

ನೀಲಾಂಬಿಕಾ ಬಾಗಿಲು ಹಾಕಲಿಲ್ಲ. ಗವಸಿನ ಬಲಗೈಯಿಂದ ತನ್ನ ಎಡ ಮಣಿಕಟ್ಟನ್ನೇ ಹಿಡಿದುಕೊಂಡು ಕೂತಳು. ಹೆಬ್ಬೆರಳು ತನ್ನ ಜಾಗಕ್ಕೆ ಸರಿಯಾಗಿ ಬಂದು ಕೂತಿತು.

ಸತ್ತವರ ಸ್ನಾಯು ಏನನ್ನೂ ಹೇಳುವುದಿಲ್ಲ. ಕೈನೆನಪು ಜೀವಂತ ತೋಳಿನಿಂದ ಮಾತ್ರ ಇಳಿಯುತ್ತದೆ. ಈ ಕಂತಿನ ಕೈಗಳನ್ನು ಇಳಿಸಿಕೊಂಡದ್ದು ಇದೇ ವರ್ಷ. ಇದನ್ನೆಲ್ಲ ಅವಳೇ ಹೊಸಬರಿಗೆ ಕಲಿಸುತ್ತಿದ್ದಳು.

*

ಮನೆಗೆ ಬಂದು ರೊಟ್ಟಿ ಬಡಿಯಲು ಕೂತವಳಿಗೆ ಹಿಟ್ಟು ನಾದುವುದೇ ಮರೆತುಹೋಯಿತು. ಒಲೆಯ ಮೇಲೆ ಹಂಚು ಕೆಂಪಾಗಿ ಹೊಗೆಯಾಡುತ್ತಿತ್ತು. ಮಗಳು ಮುಕ್ತಾ ಬಂದು ಒಲೆ ಆರಿಸಿದಳು.

ಚನ್ನವೀರ ಹೋದಾಗ ನೀಲಾಂಬಿಕೆಗೆ ನಾಲ್ಕು ತಿಂಗಳು. ಮುಕ್ತಾಳಿಗೆ ಈಗ ಹದಿನೆಂಟು ತುಂಬಿತ್ತು, ವಿಮಾನ ಹಾರಿಸುವ ಶಾಲೆಯಲ್ಲಿ ಕಲಿಯುತ್ತಿದ್ದಳು. ತೋಳುಚೀಲ ತೊಡುವುದಿಲ್ಲ ಎಂದು ಹಟ ಹಿಡಿದ ಕೆಲವೇ ಮಕ್ಕಳಲ್ಲಿ ಒಬ್ಬಳು. ಮಂದಿ ಕೈ ನನಗ್ಯಾಕ, ನನಗ ಎರಡು ಅದಾವಲ್ಲ, ಅನ್ನುತ್ತಿದ್ದಳು.

"ಏನಾಗೇತಿ ಯವ್ವಾ? ಕೆಲಸದಿಂದ ತಗದ್ರೇನು?"

"ಇಲ್ಲ."

"ಮತ್ತ ಯಾಕ ಹಿಂಗ ಕುಂತಿ, ಕಲ್ಲಿನ್ಹಂಗ?"

ನಿನ್ನ ಅಪ್ಪ ಬದುಕಿದ್ದಾನೆ ಎಂದರೆ, ಹಾಗಾದರೆ ಬರಲಿಲ್ಲ ಯಾಕೆ ಎಂದು ಕೇಳುತ್ತಾಳೆ. ಯಾಕೆಂದರೆ ಅಲ್ಲಿ ಇನ್ನೊಬ್ಬ ಹುಡುಗಿಗೆ ಜಡೆ ಹಾಕುತ್ತಿದ್ದ, ಇಷ್ಟು ವರ್ಷ, ದಿನಾ.

ಏಳು ವರ್ಷ ಅವಳು ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ ಎಂಬಂತೆ ಬದುಕಿದ್ದಳು. ಮದುವೆಮನೆಗಳಲ್ಲಿ ಕುಂಕುಮದ ಬಟ್ಟಲು ಅವಳ ಮುಂದೆ ಬಂದಾಗ ಹಿಡಿದವರ ಕೈ ಒಂದು ಕ್ಷಣ ಅನುಮಾನಿಸುತ್ತಿತ್ತು. ತೀರಿಕೊಂಡರು ಎಂದು ಸರ್ಕಾರವೇ ಹೇಳಿದ ದಿನ ಅವಳು ಅತ್ತಿದ್ದಳು ನಿಜ, ಆದರೆ ಆ ರಾತ್ರಿ ವರ್ಷಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದ್ದಳು. ಆ ನಿದ್ದೆಯ ನಾಚಿಕೆ ಇವತ್ತಿಗೂ ಹೋಗಿರಲಿಲ್ಲ. ಈಗ ಆ ನಾಚಿಕೆಯ ಜಾಗದಲ್ಲಿ ಬೆಂಕಿಯಂಥದು ಏನೋ ಬಂದು ಕೂತಿತ್ತು. ನಾನು ಸತ್ತವನಿಗಾಗಿ ನಾಚುತ್ತಿದ್ದೆ, ಅವನು ಅಲ್ಲಿ ಯಾರದೋ ತಲೆಗೆ ಎಣ್ಣೆ ಹಚ್ಚುತ್ತಿದ್ದ.

ಬಸುರಿಯಾಗಿದ್ದಾಗ ಅವನು ಹೇಳಿದ ಮಾತು ನೆನಪಾಯಿತು. ಅವಳಿಗೆ ಹೆರಳು ಹಾಕಲು ಬರುತ್ತಿರಲಿಲ್ಲ, ಯಾವಾಗಲೂ ಗಂಟು ಕಟ್ಟಿ ಬಿಡುತ್ತಿದ್ದಳು. "ಹೆಣ್ಣಾದ್ರ ಹೆರಳು ನಾ ಹಾಕ್ತೀನಿ. ನೀ ಹಾಕಿದ್ರ ಕೂಸು ಸಾಲಿಗೆ ಸೀಗೀ ಮುಳ್ಳಿನ ಪೆಳ್ಯಾಗಿಂದ ಎದ್ದು ಬಂದಂಗ ಕಾಣತೈತಿ" ಎಂದಿದ್ದ. "ನಿನಗರ ಬರತೈತೇನು?" ಎಂದಿದ್ದಕ್ಕೆ, "ಕಲೀತೀನಿ, ವಿಮಾನಾನ ಕಲ್ತೀನಿ, ಇದ್ಯಾವ ಲೆಕ್ಕ" ಎಂದಿದ್ದ.

ಕಲಿತಿದ್ದ. ಬೇರೆಯವರ ಮಗಳಿಗಾಗಿ.

"ಯವ್ವಾ" ಎಂದಳು ಮುಕ್ತಾ, ಗಾಬರಿಯಿಂದ. ತಾಯಿ ಹಿಟ್ಟಿನ ಕೈಯಲ್ಲಿ ತನ್ನದೇ ಮಣಿಕಟ್ಟು ಹಿಡಿದುಕೊಂಡಿದ್ದಳು.

ಆಗ ಹೇಳಿದಳು. ಬೆರಳು, ಉಳ್ಳಾಗಡ್ಡಿ, ಹೆಬ್ಬೆರಳು, ಜಡೆ, ಎಲ್ಲ. ಮುಕ್ತಾ ನೆಲದ ಮೇಲೆ ಕೂತು ಕೇಳಿದಳು.

"ಅಂದ್ರ ನನಗೊಬ್ಬಾಕಿ ತಂಗಿ ಅದಾಳ" ಎಂದಳು ಕೊನೆಗೆ.

"ಇರಬೇಕು."

"ಆಕಿಗೆ ಅಪ್ಪಾ ಅದಾನ."

ನೀಲಾಂಬಿಕಾ ನಾದದ ಹಿಟ್ಟಿನ ಮೇಲೆ ತಾಟು ಮುಚ್ಚಿದಳು. ಅಂದು ಇಬ್ಬರೂ ರೊಟ್ಟಿ ತಿನ್ನಲಿಲ್ಲ.

*

ಮರುದಿನ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪದ್ಮರಾಜ ಉಪಾಧ್ಯೆ ತಾವೇ ಅವಳ ಕುರ್ಚಿಯ ಬಳಿ ಬಂದರು. ಒಳ್ಳೆಯ ಮನುಷ್ಯ, ಯಾರನ್ನೂ ಗದರಿದವರಲ್ಲ.

"ನೀಲಾಂಬಿಕಾ ಅವರೇ, ನಿಮ್ಮದೊಂದು ಕೈ ಉಳಿದದ. ಸಂಜಿಗೆ ಕಂತು ಮುಗಿಸಿ ಹೊಟ್ಟು ಅಳಸಬೇಕು. ಅವರ ಕಡೀಯವರು ನಮ್ಮ ಕೈಗಳದು ನಿನ್ನೇನ ಅಳಿಸ್ಯಾರ."

"ಆಗಲ್ರಿ" ಎಂದಳು.

ಸಂಜೆಯ ಹೊತ್ತಿಗೆ ಇಲ್ಲವಾಗುತ್ತದೆ. ಉಳ್ಳಾಗಡ್ಡಿ, ಮಣಿಕಟ್ಟು, ಜಡೆ, ಅವನು ಬದುಕಿದ್ದಾನೆ ಎಂಬುದಕ್ಕಿದ್ದ ಒಂದೇ ಗುರುತು. ಹೋಗಲಿ ಅನ್ನಿಸಿತು ಮೊದಲು. ಅವನಿಗೆ ಅಲ್ಲೊಂದು ಮನೆ, ಅಂಗಳ, ಕುಣಿಯುವ ಹುಡುಗಿ ಇದ್ದರೆ, ನಾನು ಯಾರು ಹೋಗಿ ಬಾಗಿಲು ಬಡಿಯಲು? ಒಂದು ಕೀಲಿ ಒತ್ತಿದರೆ ಅವನು ಮತ್ತೆ ಸತ್ತವನಾಗುತ್ತಾನೆ. ಅದು ಅಭ್ಯಾಸವಾದ ದುಃಖ, ಅದರೊಂದಿಗೆ ಬದುಕಬಹುದು.

ಕೆಲಸಕ್ಕೆಂದು ಹಾರಾಟದ ಮಡಿಕೆ ಬಿಚ್ಚಿದಳು. ಚನ್ನವೀರನ ಹಾರಾಟ ಚೆಂದವಿತ್ತು. ಅವನು ವಿಮಾನವನ್ನು ತಿರುಗಿಸುತ್ತಿದ್ದದ್ದು ನಿದ್ದೆ ಹೋದ ಕೂಸನ್ನು ಮಗ್ಗುಲು ಬದಲಿಸಿ ಮಲಗಿಸುವ ಹಾಗೆ. ಕೊನೆಯ ಹಾರಾಟದಲ್ಲಿ ಕೈ ಹಿಂಡಿತು, ಎಳೆಯಿತು, ಒದ್ದಾಡಿತು. ಆಮೇಲೆ ಎರಡೂ ಕೈ ಕೆಳಗೆ ಹೋಗಿ, ಕಾಲುಗಳ ನಡುವಿನ ಹಿಡಿಯನ್ನು ಮೈಯ ಬಲವನ್ನೆಲ್ಲ ಹಾಕಿ ಮೇಲಕ್ಕೆಳೆದವು. ಕುರ್ಚಿಯ ಸಮೇತ ಹೊರಗೆ ಚಿಮ್ಮಿಸುವ ಹಿಡಿ. ಅಲ್ಲಿಗೆ ಹಾರಾಟ ಮುಗಿಯಿತು. ಅದರ ಮೇಲೆ ಒಂದೇ ಒಂದು ಹಾರಾಟವಿರಲಿಲ್ಲ.

ಅವಳು ಅದನ್ನು ಉಳಿಸುವ ಕೀಲಿ ಒತ್ತಿದಳು. ಹಾರಾಟ ಅಲ್ಲಿಗೇ ಯಾಕೆ ನಿಂತಿತೆಂದು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಮುಕ್ತಾ ಬಂದಳು. ಬರುವಾಗ ದಾರಿಯಲ್ಲಿ ಅತ್ತಿದ್ದಳು ಎಂಬುದು ಕಣ್ಣಲ್ಲಿ ಕಾಣುತ್ತಿತ್ತು. ಹೊರಗಿನವರು ಒಳಗೆ ಬರುವಂತಿರಲಿಲ್ಲ. ಜೈಬುನ್ ಬಾಗಿಲಲ್ಲಿ ತನ್ನ ಬುತ್ತಿಯ ಡಬ್ಬಿ ಬಿಚ್ಚಿಕೊಂಡು ಕಾವಲು ಕೂತಳು.

"ಅಳಿಸೂಕ್ಕಿಂತ ಮೊದಲ ನನಗೊಮ್ಮೆ ಹೆರಳು ಹಾಕ್ಸು" ಎಂದಳು ಮುಕ್ತಾ. "ಆಕಿಗೆ ದಿನಾ ಹಾಕ್ಯಾನ. ನನಗೊಂದಿನ ಹಾಕ್ಲಿ."

ನೀಲಾಂಬಿಕಾ ಗವಸು ತೊಟ್ಟಳು. ಮಗಳು ಬೆನ್ನು ತಿರುಗಿಸಿ ಸ್ಟೂಲಿನ ಮೇಲೆ ಕೂತು ಕೂದಲು ಬಿಟ್ಟಳು. ತಾಯಿ ಕೂದಲನ್ನು ಮೂರು ಪಾಲು ಮಾಡಿ ಬೆರಳಿಗೆ ಕೊಟ್ಟು, ತನ್ನ ತೋಳನ್ನು ಸಡಿಲ ಬಿಟ್ಟಳು. ಮೇಲಿನ ಮಡಿಕೆ ಬಿಚ್ಚಿಕೊಂಡಿತು.

ಬಲದ ಎಳೆ ನಡುವೆ ಬಂತು, ಕೈ ಜಗ್ಗಿತು.

"ಯವ್ವಾ, ನೋಯ್ತೈತಿ" ಎಂದು ಮುಕ್ತಾ ತಲೆ ಹಿಡಿದುಕೊಂಡಳು. "ಮೆಲ್ಲಕ."

"ನಾ ಜಗ್ಗಿಲ್ಲವಾ. ಕೈ ಜಗ್ಗಾಕತ್ತೈತಿ."

ಎಡದ ಎಳೆ ಬಂತು, ಮತ್ತೆ ಜಗ್ಗಿತು. ಮುಕ್ತಾಳ ಕುತ್ತಿಗೆ ಹಿಂದಕ್ಕೆ ಬಾಗಿತು. ಹಲ್ಲು ಕಚ್ಚಿ ಕೂತಳು. ಕೈ ಕೇಳಲಿಲ್ಲ. ತಲೆಯನ್ನು ನೇರ ಮಾಡಲು ಗದ್ದ ಹಿಡಿಯಲಿಲ್ಲ, ಹಣೆಯ ಮೇಲಿನ ಎಳೆಗೂದಲನ್ನು ಸವರಿ ಹಿಂದಕ್ಕೆ ತೆಗೆಯಲಿಲ್ಲ. ಒಂದೇ ಬಿಗಿ, ಒಂದೇ ಜಗ್ಗು, ತುದಿಯವರೆಗೆ. ತುದಿ ಬಂದಾಗ ರಿಬ್ಬನ್ನಿಗಾಗಿ ಚಾಚಲೂ ಇಲ್ಲ. ಒಂದು ಕ್ಷಣ ತಡೆದು, ಹೆಣೆದದ್ದನ್ನೆಲ್ಲ ಸರಸರನೆ ಬಿಚ್ಚಿತು. ಅಂಗೈಯಿಂದ ನೇರ ಮಾಡಿತು. ಮತ್ತೆ ಮೊದಲಿನಿಂದ ಬಲದ ಎಳೆ.

ಬಾಗಿಲ ಬಳಿ ಜೈಬುನ್ ತುತ್ತು ಬಾಯಿಗಿಡುವುದನ್ನು ಮರೆತು ನೋಡುತ್ತಿದ್ದಳು.

"ಅಕ್ಕಾ" ಎಂದಳು ಮೆಲ್ಲಗೆ. "ಹಿಂಗ ಜಗ್ಗಿದ್ರ ಯಾ ಕೂಸು ಕುಂದ್ರತೈತಿ? ಒಂದು ಸಲ ಚೀರಿದ್ರ ಮರುದಿನ ಕೈ ತಾನ ಹಗೂರಾಗತೈತಿ. ನನಗ ಮೂರು ಹೆಣ್ಣು ಅದಾವ, ನನಗ ಗೊತ್ತು."

ನೀಲಾಂಬಿಕಾ ಕೈಯನ್ನೇ ನೋಡಿದಳು. ಇಷ್ಟು ವರ್ಷ ಹೆಣೆದ ಈ ಕೈಯ ಮುಂದೆ ಒಂದು ಮಗುವೂ ನೋಯುತ್ತದೆ ಅಪ್ಪಾ ಎಂದಿರಲಿಲ್ಲ. ಇದರ ಮುಂದೆ ತಲೆಯೇ ಇರಲಿಲ್ಲ. ಇದ್ದದ್ದು ಹಗ್ಗ. ಹೊರಸಿನಿಂದ ಬಿಚ್ಚಿದ ಹಗ್ಗವೋ, ಹರಿದ ಕಂಬಳಿಯ ದಾರವೋ, ಕಂಬಿಗೆ ಕಟ್ಟಿಕೊಂಡು ಹೆಣೆದು, ಬಿಚ್ಚಿ, ಮತ್ತೆ ಹೆಣೆದದ್ದು. ಹೊರಸು, ಬಕೀಟು, ಹಗ್ಗ. ಮೇಲಿನ ಈ ಮಡಿಕೆಗಳಲ್ಲಿ ಒಂದು ಬಾಗಿಲನ್ನೂ ಈ ಕೈ ತೆಗೆದಿರಲಿಲ್ಲ. ಚಿಲಕ ಇಲ್ಲ, ಬೀಗದ ಕೈ ಇಲ್ಲ. ಯಾರ ತಾಟಿಗೂ ಚಾಚಿರಲಿಲ್ಲ. ಯಾರ ಮಣಿಕಟ್ಟನ್ನೂ ಹುಡುಕಿರಲಿಲ್ಲ. ಹಾರಾಟ ಆ ಹಿಡಿಯನ್ನು ಎಳೆದಲ್ಲಿಗೇ ನಿಂತಿತ್ತು.

ಸೆರೆಯಾಳುಗಳನ್ನೆಲ್ಲ ಬಿಟ್ಟಿದ್ದೇವೆ, ಒಬ್ಬನೂ ಉಳಿದಿಲ್ಲ ಎಂದು ಗಡಿಯಾಚೆಯವರು ಹೇಳಿದ್ದರು. ಒಪ್ಪಂದದ ಜೋಡಿಗಳು ಕಡಿಮೆ ಬಿದ್ದಾಗ ಯಾರೋ ಒಬ್ಬರಿಗೆ, ಸೆರೆಕೋಣೆಯಲ್ಲೊಬ್ಬ ಪೈಲಟ್ ಇದ್ದಾನಲ್ಲ ಎಂಬುದು ನೆನಪಾಗಿರಬೇಕು. ಅವನ ತೋಳಿಗೂ ಬಲೆ ಸುತ್ತಿದರು. ಉಳಿದದ್ದನ್ನು ಅವರು ನೋಡಲೇ ಇಲ್ಲ. ಅವರ ಲೆಕ್ಕದಲ್ಲಿ ಅದು ಹೊಟ್ಟು.

"ಮುಕ್ತಾ" ಎಂದಳು. "ನಿನಗ ತಂಗಿ ಇಲ್ಲ."

ಮುಕ್ತಾ ತಿರುಗಲು ನೋಡಿದಳು, ಜಡೆ ತಿರುಗಗೊಡಲಿಲ್ಲ.

"ಆತ ಕಲ್ತದ್ದು ನಿನಗಂತ. ಹಗ್ಗದ ಮ್ಯಾಲ ಕಲ್ತಾನ."

ಕೈ ಹೆಣೆಯುತ್ತಲೇ ಇತ್ತು. ಈ ಸಲ ತುದಿ ಬಂದಾಗ, ಅದು ಬಿಚ್ಚುವ ಮೊದಲೇ ನೀಲಾಂಬಿಕಾ ಗವಸಿನಿಂದ ಕೈ ಎಳೆದುಕೊಂಡಳು. ತನ್ನ ಸೆರಗಿನ ತುದಿಯಿಂದ ದಾರ ಹರಿದು ಜಡೆಗೆ ಕಟ್ಟಿದಳು. ಗಂಟು ಬೀಳಲು ಹೊತ್ತಾಯಿತು.

ಉಪಾಧ್ಯೆಯವರು ಒಳಗೆ ಬಂದದ್ದು ಆಗ. ಸ್ಟೂಲಿನ ಮೇಲೆ ಹೊರಗಿನ ಹುಡುಗಿಯನ್ನು ಕಂಡು ಹುಬ್ಬೇರಿಸಿದರು.

"ಇದೇನ್ರಿ? ಕೈ ಆತೋ ಇಲ್ಲೋ? ಅಳಸೋದಕ್ಕ ಕಾಯ್ಲಿಕತ್ತಾರ."

"ಹಾರಾಟ ಉಳಸೀನ್ರಿ" ಎಂದಳು ನೀಲಾಂಬಿಕಾ. "ಉಳಿದದ್ದು ಅಳಸಂಗಿಲ್ಲ."

"ಒಪ್ಪಂದ ಅದರೀ. ನನ್ನ ಕೈಯಾಗ ಏನದ?"

"ಗವಸು ಹಾಕ್ಕೋರಿ ಸರ್. ಒಂದೇ ಒಂದು ಮಡಿಕಿ."

ಅವಳು ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ಏನನ್ನಾದರೂ ಮಾಡಿರಿ ಎಂದು ಹೇಳಿದ್ದು ಇದೇ ಮೊದಲು. ಅವರು ಏನೋ ಅನ್ನಲು ಹೊರಟು, ಅವಳ ಮುಖ ನೋಡಿ, ಕೂತು ಗವಸು ತೊಟ್ಟರು. ಗಾಳಿಯಲ್ಲಿ ಅವರ ಕೈ ಹೆಣೆಯಿತು, ಜಗ್ಗಿತು, ಬಿಚ್ಚಿತು, ಮತ್ತೆ ಹೆಣೆಯಿತು. ಬಲಗೈ ಕಿರುಬೆರಳು ಹೊರಗೆ ಸೆಟೆದಿತ್ತು.

"ಯಾರ್ದಿದು?" ಎಂದರು, ಸಣ್ಣ ಧ್ವನಿಯಲ್ಲಿ.

"ಅದನ್ನ ಅವರನ್ನ ಕೇಳ್ರಿ" ಎಂದಳು ನೀಲಾಂಬಿಕಾ. "ಇಲ್ಲಿಂದ ಫೋನ್ ಹಚ್ರಿ, ಡೆಲ್ಲಿಗೆ ಹಚ್ರಿ, ಯಾರಿಗೆ ಹಚ್ಚಬೇಕೋ ಅವರಿಗೆ ಹಚ್ರಿ. ಈ ಕೈ ಎಲ್ಲಿ ಐತಿ ಅಂತ ಕೇಳ್ರಿ. ನಾ ಹೇಳ್ತೀನಿ, ನನ್ನ ಗಂಡಂದು."

ಉಪಾಧ್ಯೆಯವರ ಕೈ ಗಾಳಿಯಲ್ಲಿ ಇನ್ನೂ ಹೆಣೆಯುತ್ತಿತ್ತು. ನಿಲ್ಲಿಸುವ ಕೀಲಿ ಎಲ್ಲಿದೆ ಎಂಬುದೇ ಅವರಿಗೆ ಮರೆತಂತಿತ್ತು. ಜೈಬುನ್ ಬಂದು ಒತ್ತಿದಳು. ಅವರು ಗವಸು ಕಳಚಿ, ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಫೋನಿನ ಕಡೆ ನಡೆದರು.

ಮುಕ್ತಾಳ ಜಡೆ ಎಷ್ಟು ಬಿಗಿಯಾಗಿತ್ತೆಂದರೆ ಹುಬ್ಬುಗಳು ಮೇಲಕ್ಕೆಳೆದು, ಅವಳು ಇಡೀ ಲೋಕವನ್ನು ಬೆರಗಿನಿಂದ ನೋಡುತ್ತಿರುವಂತೆ ಕಾಣುತ್ತಿತ್ತು. ಕಿವಿಯ ಹಿಂದಿನ ಚರ್ಮ ಕೆಂಪಾಗಿತ್ತು.

"ತಡಿ, ಸ್ವಲ್ಪ ಸಡ್ಲ ಮಾಡ್ತೀನಿ" ಎಂದು ನೀಲಾಂಬಿಕಾ ಕೈ ಚಾಚಿದಳು.

ಮುಕ್ತಾ ಎರಡೂ ಕೈಯಿಂದ ಜಡೆಯನ್ನು ಮುಂದಕ್ಕೆಳೆದು ಹಿಡಿದುಕೊಂಡಳು.

"ಮುಟ್ಟಬ್ಯಾಡ" ಎಂದಳು. "ನೋಯ್ತೈತಿ ಅಂತ ಆತಗ ನಾನ ಹೇಳಾಕಿ."